ಕೊಂಡ ಯಂತ್ರದ ಬೀಗದ ಕೈ ಯಾರಲ್ಲಿರಬೇಕು?

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಮೂಲೆಯಲ್ಲಿ ಒಂದು ಹಳೆಯ ಮರದ ಬೀರು ಇದೆ. ಮುಳ್ಳು ಬಾಗಿದ ಗ್ಯಾಲ್ವನೋಮೀಟರುಗಳು, ಸುರುಳಿ ಸವೆದ ರಿಯೋಸ್ಟಾಟುಗಳು, ಗಾಜು ಸೀಳಿದ ಉಷ್ಣಮಾಪಕಗಳು ಅದರಲ್ಲಿ ಆಶ್ರಯ ಪಡೆದಿವೆ. ಇವೆಲ್ಲವೂ ತಮ್ಮ ಕಾಲವನ್ನು ದುಡಿದು, ಯಾವುದೋ ಒಂದು ಭಾಗ ನಿಜವಾಗಿ ಮುರಿದುದರಿಂದ ಅಲ್ಲಿಗೆ ಸೇರಿದವು. ಎರಡು ವರ್ಷಗಳ ಕೆಳಗೆ ಇವುಗಳ ನಡುವೆ ಬೇರೊಂದು ಜಾತಿಯ ವಸ್ತು ಬಂದು ಕುಳಿತಿತು. ಅದು ಎರಡು ಆಂಟೆನಾಗಳುಳ್ಳ ಒಂದು ಬಿಳಿಯ ಪೆಟ್ಟಿಗೆ. ಅಂತರಜಾಲದ ಸಂಪರ್ಕವನ್ನು ಕೊಠಡಿಯೆಲ್ಲಕ್ಕೂ ಹಂಚುವ ನಿಸ್ತಂತು ರೂಟರು. ಕಾಲೇಜು ಅದನ್ನು ಹಣ ಕೊಟ್ಟೇ ಕೊಂಡಿತ್ತು. ಸಂಪರ್ಕವನ್ನು ಒದಗಿಸುತ್ತಿದ್ದ ಸಂಸ್ಥೆಯು ನಮ್ಮ ಊರಿನಲ್ಲಿ ತನ್ನ ಸೇವೆಯನ್ನು ನಿಲ್ಲಿಸಿತು. ಅಂದಿನಿಂದ ಪೆಟ್ಟಿಗೆಯೂ ನಿಷ್ಪ್ರಯೋಜಕವಾಯಿತು. ವಿದ್ಯುತ್ತನ್ನು ಕೊಟ್ಟರೆ ದೀಪಗಳು ಹೊತ್ತುತ್ತಿದ್ದವು. ಎಲ್ಲಿಯೋ ದೂರದಲ್ಲಿದ್ದ, ಈಗ ಇಲ್ಲದಿರುವ ಒಡೆಯನನ್ನು ಅದು ಕೆಲವು ನಿಮಿಷ ಹುಡುಕುತ್ತಿತ್ತು. ಬಳಿಕ ಕೆಂಪು ದೀಪವನ್ನು ತೋರಿಸಿ ಸುಮ್ಮನಾಗುತ್ತಿತ್ತು. ಬೇರೆ ಸಂಸ್ಥೆಯ ಸಂಪರ್ಕಕ್ಕೆ ಅದನ್ನು ಅಳವಡಿಸೋಣವೆಂದರೆ ಗುಪ್ತಪದವನ್ನು ಕೇಳುತ್ತಿತ್ತು. ಆ ಗುಪ್ತಪದವೋ ಹೊರಟುಹೋದ ಸಂಸ್ಥೆಯ ಬಳಿ ಇತ್ತು.

ಅದರಲ್ಲಿ ಯಾವ ತಂತಿಯೂ ಕಡಿದಿರಲಿಲ್ಲ. ಯಾವ ಬೆಸುಗೆಯೂ ಬಿಟ್ಟಿರಲಿಲ್ಲ. ಹೀಗಿರುವಲ್ಲಿ ಅದನ್ನು ಕೆಟ್ಟ ಯಂತ್ರವೆಂದು ಕರೆಯುವುದು ಸರಿಯೆ? ಕೆಟ್ಟದ್ದಲ್ಲವಾದರೆ ಅದು ಬೀರುವಿಗೆ ಸೇರಿದುದು ಯಾರ ತಪ್ಪಿನಿಂದ? ಈ ಪ್ರಶ್ನೆಗಳನ್ನು ನಮ್ಮ ತರುಣ ವಾಚಕರ ಮುಂದಿಟ್ಟು, ನಮಗೆ ಸರಿತೋರಿದ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶ.

ಪೆಟ್ಟಿಗೆಯ ಒಳಗಿರುವುದೇನು?

ಇಂತಹ ಪೆಟ್ಟಿಗೆಗಳನ್ನು ಉಪಕರಣಗಳೆಂದು ಕರೆಯುವುದು ವಾಡಿಕೆ. ರೊಟ್ಟಿ ಸುಡುವ ಯಂತ್ರದಂತೆ, ಬಟ್ಟೆ ಒಗೆಯುವ ಯಂತ್ರದಂತೆ, ಇವೂ ಒಂದೇ ಕೆಲಸಕ್ಕೆಂದು ಹುಟ್ಟಿದವು ಎಂಬ ಭಾವನೆ ಆ ಹೆಸರಿನಲ್ಲಿ ಅಡಗಿದೆ. ಆದರೆ ಮುಚ್ಚಳವನ್ನು ತೆರೆದು ನೋಡಿದವರಿಗೆ ಕಾಣುವುದು ಬೇರೆಯೇ. ಒಳಗೆ ಒಂದು ಸಂಸ್ಕಾರಕವಿದೆ; ಕೆಲಸ ನಡೆಯುತ್ತಿರುವಾಗ ಮಾತ್ರ ವಿಷಯವನ್ನು ಹಿಡಿದಿಟ್ಟುಕೊಳ್ಳುವ ಸ್ಮೃತಿ ಇದೆ; ವಿದ್ಯುತ್ತು ಹೋದರೂ ಬರೆದುದನ್ನು ಮರೆಯದ ಫ್ಲಾಶ್ ಸ್ಮೃತಿ ಇದೆ. ಇವು ಮೂರೂ ಕೂಡಿದರೆ ಅದು ಪೂರ್ಣವಾದ ಕಂಪ್ಯೂಟರೇ ಸರಿ. ಅದಕ್ಕೆ ಕೀಲಿಮಣೆಯೂ ಪರದೆಯೂ ಇಲ್ಲವೆಂಬುದು ಮುಖ್ಯವಾದ ಭೇದವಲ್ಲ.

ಈ ಕಂಪ್ಯೂಟರಿಗೆ ವಿದ್ಯುತ್ತು ದೊರೆತ ಕೂಡಲೇ ಏನಾಗುತ್ತದೆ? ಸಂಸ್ಕಾರಕವು ಮೊದಲು ಗೊತ್ತಾದ ಒಂದು ವಿಳಾಸದಿಂದ ಆದೇಶಗಳನ್ನು ಓದತೊಡಗುತ್ತದೆ. ಅಲ್ಲಿರುವುದು ಬಹು ಚಿಕ್ಕದೊಂದು ಕ್ರಮವಿಧಿ. ಅದನ್ನು ಬೂಟ್‌ಲೋಡರ್ ಎನ್ನುತ್ತಾರೆ. ಅದು ಸ್ಮೃತಿಯನ್ನು ಸಿದ್ಧಪಡಿಸಿ, ಫ್ಲಾಶಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ಕ್ರಮವಿಧಿಯನ್ನು ಎಬ್ಬಿಸಿ, ಕಾರುಬಾರನ್ನು ಅದರ ಕೈಗೆ ಒಪ್ಪಿಸುತ್ತದೆ. ಸಂಸ್ಕಾರಕದ ಕಾಲವನ್ನು ಹಂಚುವುದು, ಸ್ಮೃತಿಯ ಲೆಕ್ಕವನ್ನಿಡುವುದು, ಹೊರಗಣ ತಂತಿಗಳೊಡನೆಯೂ ಆಂಟೆನಾಗಳೊಡನೆಯೂ ವ್ಯವಹರಿಸುವುದು, ಇವೆಲ್ಲ ಅನಂತರ ಅದರ ಹೊಣೆ. ಆದುದರಿಂದ ಒಂದು ಪೆಟ್ಟಿಗೆಯು ರೂಟರಾಗಿರುವುದೂ, ಚಲನಚಿತ್ರವನ್ನು ತೋರಿಸುವ ಯಂತ್ರವಾಗಿರುವುದೂ, ಪ್ರಯೋಗಶಾಲೆಯ ಲೇಖಕನಾಗಿರುವುದೂ ಬಹುಮಟ್ಟಿಗೆ ಫ್ಲಾಶಿನಲ್ಲಿ ಬರೆದಿರುವ ಅಂಕಿಗಳ ಮೇಲೆ ನಿಂತ ಮಾತು. ಆ ಬರಹವನ್ನು ಅಳಿಸಿ ಬೇರೆ ಬರಹವನ್ನಿಟ್ಟರೆ ಅದೇ ಯಂತ್ರವು ಬೇರೆ ಕೆಲಸವನ್ನು ಮಾಡುತ್ತದೆ.

ಹೀಗೆ ಬೇರೆ ಬರಹವನ್ನಿಡಲು ಬಾರದಂತೆ ತಯಾರಕನು ಬೀಗ ಹಾಕಿದರೆ, ಅದು ಒಂದೇ ಅಂಗಡಿಯ ಅಕ್ಕಿಯನ್ನು ಮಾತ್ರ ಬೇಯಿಸುವ ಒಲೆಯನ್ನು ಮಾರಿದಂತೆ. ಅಂಗಡಿ ಮುಚ್ಚಿದ ದಿನ ಒಲೆಯೂ ತಣ್ಣಗಾಗುತ್ತದೆ. ಇಂತಹ ಒಲೆಯ ಕಥೆಯೊಂದು ಇತಿಹಾಸದಲ್ಲಿ ನಿಜವಾಗಿಯೂ ನಡೆದಿದೆ.

ತೊಂಬತ್ತೊಂಬತ್ತು ಡಾಲರಿನ ಯಂತ್ರ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ನೆಟ್‌ಪ್ಲಯನ್ಸ್ ಎಂಬ ಸಂಸ್ಥೆಯೊಂದಿತ್ತು. ಕಂಪ್ಯೂಟರಿನ ಗೋಜಲೇ ಬೇಡ, ಅಂತರಜಾಲ ಮಾತ್ರ ಸಾಕು ಎನ್ನುವ ಗೃಹಸ್ಥರಿಗಾಗಿ ಅದು ಐ-ಓಪನರ್ ಎಂಬ ಉಪಕರಣವನ್ನು ಮಾರಾಟಕ್ಕಿಟ್ಟಿತು. ಸುಮಾರು ಹತ್ತು ಅಂಗುಲದ ಚಪ್ಪಟೆಯಾದ ಬಣ್ಣದ ಪರದೆ, ಒಂದು ಕೀಲಿಮಣೆ, ದೂರವಾಣಿಯ ತಂತಿಗೆ ಜೋಡಿಸುವ ಮೋಡೆಮು, 32 ಮೆಗಾಬೈಟ್ ಸ್ಮೃತಿ, 16 ಮೆಗಾಬೈಟ್ ಫ್ಲಾಶ್, ಇವಿಷ್ಟು ಅದರ ಬಂಡವಾಳ. ಆಪರೇಟಿಂಗ್ ಸಿಸ್ಟಂ ಕ್ಯೂಎನ್‌ಎಕ್ಸ್ ಎಂಬುದು. ಮನೆಗೇ ಪಿಟ್ಜಾ ತರಿಸಿಕೊಳ್ಳಲೆಂದು ಕೀಲಿಮಣೆಯಲ್ಲಿ ಪ್ರತ್ಯೇಕವಾದ ಗುಂಡಿಯೊಂದನ್ನು ಇಟ್ಟಿದ್ದರೆಂದರೆ, ಅದರ ಕೊಳ್ಳುಗರು ಎಂಥವರೆಂದು ತಯಾರಕರು ಎಣಿಸಿದ್ದರೋ ಊಹಿಸಬಹುದು.

2000ನೆಯ ಇಸವಿಯ ಆರಂಭದಲ್ಲಿ ಇದರ ಬೆಲೆ ಕೇವಲ 99 ಡಾಲರು. ಅಂದಿನ ದಿನಗಳಲ್ಲಿ ಚಪ್ಪಟೆ ಪರದೆಯೊಂದನ್ನೇ ಈ ಬೆಲೆಗೆ ಕೊಳ್ಳುವುದು ಅಸಾಧ್ಯವಾಗಿತ್ತು. ತಯಾರಿಕೆಯ ವೆಚ್ಚವೇ ಇದರ ಎಷ್ಟೋ ಪಾಲು ಹೆಚ್ಚಾಗಿತ್ತು. ಈ ನಷ್ಟವನ್ನು ತಿಂಗಳಿಗೆ 21 ಡಾಲರು 95 ಸೆಂಟುಗಳ ಸೇವಾಶುಲ್ಕದಿಂದ ಕ್ರಮೇಣ ತುಂಬಿಕೊಳ್ಳುವುದು ಸಂಸ್ಥೆಯ ಲೆಕ್ಕಾಚಾರ. ಹಗ್ಗವನ್ನು ಅಗ್ಗವಾಗಿ ಮಾರಿ, ನೀರಿಗೆ ದರ ಕಟ್ಟುವ ವ್ಯಾಪಾರ ಇದು. ಬೇರೆ ಬಾವಿಯಿಂದ ನೀರು ಸೇದಬಾರದೆಂಬ ನಿರ್ಬಂಧವನ್ನು ಮಾತ್ರ ಅವರು ಹಗ್ಗದೊಳಗೇ ಹೆಣೆದಿದ್ದರು.

ಅದೇ ವರ್ಷದ ಮಾರ್ಚ್ ತಿಂಗಳಿನ ಹೊತ್ತಿಗೆ ಲಾಸ್ ವೇಗಾಸ್ ನಗರದ ಒಬ್ಬ ಎಂಜಿನಿಯರು ಈ ಯಂತ್ರವನ್ನು ಬಿಚ್ಚಿ ನೋಡಿದನು. ಒಳಗಿನ ಹಲಗೆಯ ಮೇಲೆ, ಹಾರ್ಡ್ ಡಿಸ್ಕನ್ನು ಜೋಡಿಸಬಹುದಾದ ಕೂಡುಕೊಂಡಿಯೊಂದು ಖಾಲಿಯಾಗಿ ನಿಂತಿತ್ತು. ಆದರೆ ಅದರ ಸೂಜಿಗಳ ಸಾಲುಗಳು ಅದಲುಬದಲಾಗಿದ್ದುದರಿಂದ ಸಾಧಾರಣವಾದ ತಂತಿಪಟ್ಟಿ ಹೊಂದುತ್ತಿರಲಿಲ್ಲ. ಸಾಲುಗಳನ್ನು ಮತ್ತೆ ಸರಿಪಡಿಸುವ ತಂತಿಪಟ್ಟಿಯೊಂದನ್ನು ಅವನು ತಾನೇ ಮಾಡಿಕೊಂಡು, ಡಿಸ್ಕನ್ನು ಜೋಡಿಸಿ, ಬೇರೆ ಆಪರೇಟಿಂಗ್ ಸಿಸ್ಟಮನ್ನು ನಡೆಸಿ ತೋರಿಸಿದನು. ಸುದ್ದಿ ಹಬ್ಬಲು ತಡವಾಗಲಿಲ್ಲ. ಲಿನಕ್ಸನ್ನೋ ವಿಂಡೋಸನ್ನೋ ಹಾಕಿಕೊಂಡು ಪೂರ್ಣ ಕಂಪ್ಯೂಟರನ್ನು 99 ಡಾಲರಿಗೆ ಪಡೆಯುವ ಆಸೆಯಿಂದ ಜನರು ಅಂಗಡಿಗಳಿಗೆ ನುಗ್ಗಿದರು. ಸೇವೆಗೆ ಮಾತ್ರ ಹಣ ಕಟ್ಟಲಿಲ್ಲ.

ಸಂಸ್ಥೆಯು ಸುಮ್ಮನಿರಲಿಲ್ಲ. ಅನಂತರ ಹೊರಬಂದ ಯಂತ್ರಗಳಲ್ಲಿ ಕೂಡುಕೊಂಡಿಯ ಸೂಜಿಗಳನ್ನು ಕತ್ತರಿಸಿದರು. ಆರಂಭದ ಆದೇಶಗಳಿರುವ ಚಿಪ್ಪನ್ನು ಯಾರೂ ಬದಲಾಯಿಸದಂತೆ ಅಂಟಿನಲ್ಲಿ ಹೂತರು. ಯಂತ್ರದೊಡನೆ ಸೇವೆಯನ್ನೂ ಕೊಳ್ಳಲೇಬೇಕೆಂದು ಷರತ್ತನ್ನು ಬಿಗಿಮಾಡಿದರು. ಆದರೂ ವ್ಯಾಪಾರ ಉಳಿಯಲಿಲ್ಲ. ಸೇವೆಯ ವೆಚ್ಚವನ್ನು ಜಾಹೀರಾತುಗಳಲ್ಲಿ ಸ್ಪಷ್ಟವಾಗಿ ತಿಳಿಸಲಿಲ್ಲವೆಂಬುದೇ ಮೊದಲಾದ ಆರೋಪಗಳ ಮೇಲೆ, ಅಲ್ಲಿನ ಫೆಡರಲ್ ವಾಣಿಜ್ಯ ಆಯೋಗದೊಡನೆ 2001ರಲ್ಲಿ ರಾಜಿಯಾಗಿ ಒಂದು ಲಕ್ಷ ಡಾಲರು ದಂಡವನ್ನು ತೆರಬೇಕಾಯಿತು. ಅದೇ ವರ್ಷ ಸಂಸ್ಥೆಯು ಟಿಪ್ಪಿಂಗ್‌ಪಾಯಿಂಟ್ ಎಂಬ ಹೊಸ ಹೆಸರನ್ನು ತಳೆದು ಬೇರೊಂದು ವ್ಯವಹಾರಕ್ಕೆ ತಿರುಗಿತು. ಉಪಕರಣಗಳ ಸೇವೆ ನಿಂತುಹೋಯಿತು.

ಇಲ್ಲಿ ನ್ಯಾಯ ಯಾರ ಕಡೆಗಿತ್ತು? ವಿದ್ಯಾರ್ಥಿಗಳಾದ ನಿಮಗೆ ತಂತಿಪಟ್ಟಿಯನ್ನು ಹೆಣೆದ ಎಂಜಿನಿಯರನ ಕಡೆಗೇ ಮನಸ್ಸು ಒಲಿಯುವುದು ಸಹಜ; ನಮಗೂ ಹಾಗೆಯೇ. ಆದರೆ ಇನ್ನೊಂದು ಪಕ್ಷದ ಮಾತನ್ನು ತಳ್ಳಿಹಾಕಬಾರದು. ಸಂಸ್ಥೆಯು ಪ್ರತಿಯೊಂದು ಯಂತ್ರದ ಮೇಲೂ ಕೈಯಿಂದ ಹಣ ಹಾಕಿತ್ತು. ಶುಲ್ಕವನ್ನು ಕಟ್ಟುವೆನೆಂದು ಒಪ್ಪಂದ ಮಾಡಿಕೊಂಡವನು ಅದನ್ನು ಮುರಿದರೆ ಅದು ತಪ್ಪೇ. ಆದರೆ ಅಂಗಡಿಯಲ್ಲಿ ಕೇಳಿದ ಬೆಲೆಯನ್ನು ಕೊಟ್ಟು, ಬೇರೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳದೆ ಯಂತ್ರವನ್ನು ತಂದವನು ಯಾರಿಗೂ ವಂಚನೆ ಮಾಡಿದಂತಾಗಲಿಲ್ಲ. ಕಡಿಮೆ ಬೆಲೆಯನ್ನು ಇಟ್ಟವರು ಸಂಸ್ಥೆಯವರೇ. ಲೆಕ್ಕ ತಪ್ಪಿದವನು ತನ್ನ ಲೆಕ್ಕವನ್ನು ತಿದ್ದಿಕೊಳ್ಳಬೇಕೇ ಹೊರತು ಕೊಂಡವನ ಕೈಯನ್ನು ಕಟ್ಟಬಾರದು. ಇದಕ್ಕಿಂತಲೂ ಮುಖ್ಯವಾದ ಅಂಶ ಮತ್ತೊಂದಿದೆ. ಸೇವೆ ನಿಂತ ಮೇಲೆ, ಒಪ್ಪಂದವನ್ನು ನಿಷ್ಠೆಯಿಂದ ಪಾಲಿಸಿ ತಿಂಗಳು ತಿಂಗಳೂ ಹಣ ಕಟ್ಟಿದ ಸಾಧು ಗ್ರಾಹಕನ ಯಂತ್ರವೇ ಕಸವಾಯಿತು. ಬೀಗವನ್ನು ಬಿಚ್ಚಿದವನ ಯಂತ್ರ ಮಾತ್ರ ಮುಂದೆಯೂ ದುಡಿಯಿತು. ನಂಬಿದವನಿಗೆ ನಷ್ಟ, ನಂಬದವನಿಗೆ ಲಾಭ ಎನ್ನುವಂತಹ ವ್ಯವಸ್ಥೆಯನ್ನು ನಾವು ಒಳ್ಳೆಯದೆಂದು ಹೇಳಲಾರೆವು.

ತೆರೆದ ಬಾಗಿಲಿನ ಫಲ

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆ ಇದೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ ಮತ್ತು ಕಪ್ಪು ಬಣ್ಣದ ರೂಟರನ್ನು ಹೊರತಂದಿತು. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಲಿನಕ್ಸನ್ನು ಆಧರಿಸಿದುದೆಂದು ಬಲ್ಲವರು ಕಂಡುಹಿಡಿದರು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಮಾರಬಹುದು, ತಿದ್ದಬಹುದು. ಆದರೆ ತಿದ್ದಿದುದನ್ನು ಬೇರೆಯವರಿಗೆ ಕೊಡುವಾಗ ಅದರ ಮೂಲ ಆದೇಶಪಾಠವನ್ನೂ ಅವರಿಗೆ ದೊರೆಯುವಂತೆ ಮಾಡಬೇಕು. ಜಿಪಿಎಲ್ ಎಂಬ ಅದರ ಪರವಾನಗಿಯ ನಿಯಮ ಹಾಗಿದೆ. ಒತ್ತಾಯಕ್ಕೆ ಮಣಿದು 2003ರಲ್ಲಿ ಸಂಸ್ಥೆಯು ಪಾಠವನ್ನು ಪ್ರಕಟಿಸಿತು. ಅದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಮಿನ ಕೆಲಸ ಆರಂಭವಾಯಿತು. ಹೆಸರಿನ ಉತ್ತರಾರ್ಧದಲ್ಲಿ ಆ ಮೊದಲ ಪೆಟ್ಟಿಗೆಯ ಗುರುತು ಇಂದಿಗೂ ಉಳಿದಿದೆ. ಆದರೆ ಈಗ ಅದು ನೂರಾರು ತಯಾರಿಕೆಗಳ ರೂಟರುಗಳ ಮೇಲೆ ನಡೆಯುತ್ತದೆ.

ಬಾಗಿಲು ತೆರೆದುದರಿಂದ ತಯಾರಕರಿಗೆ ನಷ್ಟವಾಯಿತೆ? ಆಗಲಿಲ್ಲ. 2005ರಲ್ಲಿ ಅವರು ವೆಚ್ಚವನ್ನು ಉಳಿಸುವುದಕ್ಕಾಗಿ ಅದೇ ರೂಟರಿನ ಸ್ಮೃತಿಯನ್ನು ಅರ್ಧಕ್ಕಿಳಿಸಿ, ಲಿನಕ್ಸಿನ ಸ್ಥಾನದಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮನ್ನಿಟ್ಟರು. ಹಳೆಯ ಬಗೆಯ ಪೆಟ್ಟಿಗೆಗೇ ಬೇಡಿಕೆ ನಿಲ್ಲದಿದ್ದುದರಿಂದ, ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಹೆಸರಿನಲ್ಲಿ ಲಿನಕ್ಸುಳ್ಳ ಮಾದರಿಯನ್ನು ಬೇರೆಯಾಗಿಯೇ ಮಾರತೊಡಗಿದರು. ಬಳಕೆದಾರನು ತನ್ನ ಇಷ್ಟದಂತೆ ತಿದ್ದಿಕೊಳ್ಳಬಹುದೆಂಬ ಒಂದೇ ಗುಣಕ್ಕಾಗಿ ಅದು ಅನೇಕ ವರ್ಷ ಮಾರಾಟವಾಯಿತು. ಬೀಗವು ಅತ್ಯಗತ್ಯವೆಂದು ವಾದಿಸುವವರು ಈ ಪ್ರಸಂಗವನ್ನು ಗಮನಿಸಬೇಕು.

ನಮ್ಮ ಪ್ರಯೋಗಶಾಲೆಯಲ್ಲಿ ನಡೆದುದು

ಇನ್ನು ನಮ್ಮ ಬೀರುವಿನ ಪೆಟ್ಟಿಗೆಗೆ ಮರಳೋಣ. ಪ್ರಾಂಶುಪಾಲರ ಅನುಮತಿಯನ್ನು ಬರಹದಲ್ಲಿ ಪಡೆದು, ಬಿ.ಎಸ್‌ಸಿ. ಎರಡನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳೊಡನೆ ನಾವು ಅದನ್ನು ಬಿಚ್ಚಿದೆವು. 16 ಮೆಗಾಬೈಟ್ ಫ್ಲಾಶ್, 128 ಮೆಗಾಬೈಟ್ ಸ್ಮೃತಿ. ಐ-ಓಪನರಿನಷ್ಟೇ ಫ್ಲಾಶ್, ಅದರ ನಾಲ್ಕರಷ್ಟು ಸ್ಮೃತಿ! ಓಪನ್‌ಡಬ್ಲ್ಯೂಆರ್‌ಟಿ ನಡೆಸಬಲ್ಲ ಯಂತ್ರಗಳ ಪಟ್ಟಿಯಲ್ಲಿ ಇದರ ಮಾದರಿಯೂ ಇತ್ತು. ಹಲಗೆಯ ಅಂಚಿನಲ್ಲಿ ಸಾಲಾಗಿ ನಾಲ್ಕು ರಂಧ್ರಗಳಿದ್ದವು. ತಯಾರಕರು ತಮ್ಮ ಪರೀಕ್ಷೆಗಾಗಿ ಇಟ್ಟುಕೊಂಡ ಸರಣಿ ಸಂಪರ್ಕ ಅದು. ಮಲ್ಟಿಮೀಟರಿನಿಂದ ಅಳೆದು ಯಾವುದು ಭೂಸಂಪರ್ಕ, ಯಾವುದರ ಮೇಲೆ 3.3 ವೋಲ್ಟ್ ಇದೆ ಎಂಬುದನ್ನು ವಿದ್ಯಾರ್ಥಿಗಳೇ ಗೊತ್ತುಮಾಡಿದರು. ಒಬ್ಬನು ಅವಸರದಲ್ಲಿ 5 ವೋಲ್ಟಿನ ಸಂಯೋಜಕವನ್ನು ತಗುಲಿಸಹೊರಟಿದ್ದನು. ತಗುಲಿಸಿದ್ದರೆ ಚಿಪ್ಪು ಸುಟ್ಟುಹೋಗುವ ಅಪಾಯವಿತ್ತು.

ಈ ಸಂಪರ್ಕದಲ್ಲಿ ಸೆಕೆಂಡಿಗೆ 1,15,200 ಬಿಟ್‌ಗಳು ಹರಿಯುತ್ತವೆಂದು ಪುಸ್ತಕ ಹೇಳುತ್ತದೆ. ಹಾಗಾದರೆ ಒಂದು ಬಿಟ್ಟಿನ ಕಾಲಾವಧಿ ಎಷ್ಟು? ಭಾಗಿಸಿದರೆ ಸುಮಾರು 8.7 ಮೈಕ್ರೊಸೆಕೆಂಡು. ಆಸಿಲೊಸ್ಕೋಪಿನ ಪರದೆಯ ಮೇಲೆ ಅತ್ಯಂತ ಕಿರಿದಾದ ಮೆಟ್ಟಿಲನ್ನು ಅಳೆದಾಗ ಅಷ್ಟೇ ಬಂದಿತು. ತರಗತಿಯಲ್ಲಿ ನಾಲ್ಕು ಉಪನ್ಯಾಸಗಳಿಂದಲೂ ಹುಟ್ಟದ ಕುತೂಹಲ ಆ ಒಂದು ಮೆಟ್ಟಿಲಿನಿಂದ ಹುಟ್ಟಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದರೆ ಮೊದಲನೆಯ ಪ್ರಯತ್ನ ಕೆಟ್ಟಿತು. ತಪ್ಪು ಸಂಪೂರ್ಣವಾಗಿ ನಮ್ಮದೇ. ಹೊಸ ಆಪರೇಟಿಂಗ್ ಸಿಸ್ಟಮನ್ನು ಫ್ಲಾಶಿಗೆ ಬರೆಯುತ್ತಿರುವಾಗ ವಿದ್ಯುತ್ತು ಹೋಯಿತು. ಮಧ್ಯಾಹ್ನ ಆ ಹೊತ್ತಿನಲ್ಲಿ ವಿದ್ಯುತ್ತು ಹೋಗುವುದು ನಮ್ಮ ಊರಿನಲ್ಲಿ ಹೊಸದೇನಲ್ಲ. ಬ್ಯಾಟರಿಯ ಆಸರೆಯಿಲ್ಲದೆ ಕೆಲಸಕ್ಕಿಳಿದುದು ನಮ್ಮ ಅಜಾಗ್ರತೆ. ವಿದ್ಯುತ್ತು ಮರಳಿದಾಗ ಪೆಟ್ಟಿಗೆ ಏಳಲಿಲ್ಲ. ಈ ಬಾರಿ ಕೆಂಪು ದೀಪವೂ ಇಲ್ಲ. ಅದಕ್ಕಿಂತ ದೊಡ್ಡದೊಂದು ತಪ್ಪು ಆಗ ನೆನಪಿಗೆ ಬಂದಿತು. ಹಳೆಯ ಬರಹದ ಪ್ರತಿಯನ್ನು ನಾವು ತೆಗೆದಿಟ್ಟುಕೊಂಡಿರಲಿಲ್ಲ. ಫ್ಲಾಶಿನ ಒಂದು ಚಿಕ್ಕ ಭಾಗದಲ್ಲಿ ಆ ಪೆಟ್ಟಿಗೆಯ ರೇಡಿಯೋವಿಗೆ ಮಾತ್ರ ಅನ್ವಯಿಸುವ ತಿದ್ದುಪಡಿಯ ಅಂಕಿಗಳಿರುತ್ತವೆ. ಕಾರ್ಖಾನೆಯಲ್ಲಿ ಒಂದೊಂದು ಪೆಟ್ಟಿಗೆಯನ್ನೂ ಅಳೆದು ಅವುಗಳನ್ನು ಬರೆದಿರುತ್ತಾರೆ. ಅವು ಅಳಿದರೆ ಪಕ್ಕದ ಪೆಟ್ಟಿಗೆಯಿಂದ ಎರವಲು ತರುವಂತಿಲ್ಲ.

ಹುಡುಗರ ಮುಖಗಳು ಬಾಡಿದವು. ಹದಿನೈದು ದಿನ ಪೆಟ್ಟಿಗೆ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಬಂದು, “ಬೂಟ್‌ಲೋಡರ್ ಬೇರೆಯ ಭಾಗದಲ್ಲಿರುತ್ತದೆ ಎಂದು ನೀವೇ ಹೇಳಿದಿರಲ್ಲಾ ಸಾರ್, ಅದಕ್ಕೆ ನಾವು ಕೈ ಹಚ್ಚಿಲ್ಲವಲ್ಲಾ?” ಎಂದು ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ಸರಣಿ ಸಂಪರ್ಕವನ್ನು ಮತ್ತೆ ಜೋಡಿಸಿ ವಿದ್ಯುತ್ತನ್ನು ಕೊಟ್ಟಾಗ, ಪೆಟ್ಟಿಗೆಯ ದೀಪಗಳು ಹೊತ್ತದಿದ್ದರೂ ಬೂಟ್‌ಲೋಡರ್ ತನ್ನ ಎರಡು ಸಾಲುಗಳನ್ನು ನಮ್ಮ ಪರದೆಯ ಮೇಲೆ ಬರೆದು ಆಜ್ಞೆಗಾಗಿ ಕಾದಿತ್ತು. ಮೊದಲು ಉಳಿದ ಭಾಗಗಳೆಲ್ಲದರ ಪ್ರತಿಯನ್ನು ತೆಗೆದೆವು. ರೇಡಿಯೋವಿನ ಅಂಕಿಗಳು ಸುರಕ್ಷಿತವಾಗಿದ್ದವು. ಅನಂತರ ಬ್ಯಾಟರಿಯಿಂದ ವಿದ್ಯುತ್ತನ್ನು ಕೊಟ್ಟು, ಜಾಲದ ತಂತಿಯ ಮೂಲಕ ಹೊಸ ಆಪರೇಟಿಂಗ್ ಸಿಸ್ಟಮನ್ನು ಕಳುಹಿಸಿದೆವು. ಕೆಲವೇ ನಿಮಿಷಗಳಲ್ಲಿ ಪೆಟ್ಟಿಗೆ ಎದ್ದಿತು.

ಇಂದು ಅದು ನಮ್ಮ ಪ್ರಯೋಗಶಾಲೆಯ ಲೇಖಕ. ಕುದಿಯುವ ನೀರು ಆರುವ ಪ್ರಯೋಗದಲ್ಲಿ ಹತ್ತು ಸೆಕೆಂಡಿಗೊಮ್ಮೆ ಉಷ್ಣತೆಯನ್ನು ದಾಖಲಿಸುತ್ತದೆ. ವಿದ್ಯಾರ್ಥಿಗಳು ತಮ್ಮ ಫೋನುಗಳಲ್ಲಿಯೇ ಆ ಅಂಕಿಗಳನ್ನು ಪಡೆದು ನ್ಯೂಟನ್ನನ ನಿಯಮವನ್ನು ಪರೀಕ್ಷಿಸುತ್ತಾರೆ. ಅಂತರಜಾಲದ ಸಂಪರ್ಕವೇ ಇದಕ್ಕೆ ಬೇಕಿಲ್ಲ. 12 ವೋಲ್ಟಿನಲ್ಲಿ 0.35 ಆಂಪಿಯರ್ ಪ್ರವಾಹವನ್ನು ಅದು ಸೆಳೆಯುತ್ತದೆ, ಎಂದರೆ 4.2 ವಾಟ್. ವರ್ಷವೆಲ್ಲ ಹಗಲಿರುಳು ನಡೆದರೂ ಸುಮಾರು 37 ಯೂನಿಟ್ ವಿದ್ಯುತ್ತು. 60 ವಾಟಿನ ಹಳೆಯ ಕಂಪ್ಯೂಟರೊಂದನ್ನು ಇದೇ ಕೆಲಸಕ್ಕೆ ಹಚ್ಚಿದರೆ 525 ಯೂನಿಟ್ ಬೇಕಾಗುತ್ತಿತ್ತು. ಹಳೆಯ ಯಂತ್ರವೆಂದ ಮಾತ್ರಕ್ಕೆ ಅದನ್ನು ದುಡಿಸುವುದು ಲಾಭವಲ್ಲ. ಲೆಕ್ಕ ಹಾಕಿಯೇ ತೀರ್ಮಾನಿಸಬೇಕೆಂಬುದನ್ನೂ ಈ ಅಂಕಿಗಳು ಕಲಿಸುತ್ತವೆ.

ಆಕ್ಷೇಪಗಳು

ನಮ್ಮ ಅಭಿಪ್ರಾಯವನ್ನು ಒಪ್ಪದವರು ಮುಖ್ಯವಾಗಿ ಎರಡು ಮಾತುಗಳನ್ನು ಹೇಳುತ್ತಾರೆ. ಮೊದಲನೆಯದು ರೇಡಿಯೋ ಅಲೆಗಳ ಶಿಸ್ತು. ರೂಟರು ಎಷ್ಟು ಶಕ್ತಿಯಿಂದ, ಯಾವ ಆವರ್ತಾಂಕಗಳಲ್ಲಿ ಪ್ರಸಾರ ಮಾಡಬಹುದೆಂಬುದಕ್ಕೆ ಪ್ರತಿಯೊಂದು ದೇಶದಲ್ಲಿಯೂ ಮಿತಿಯಿದೆ. ತಂತ್ರಾಂಶವನ್ನು ಬದಲಿಸುವವನು ಆ ಮಿತಿಯನ್ನು ಮೀರಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದಕ್ಕಾಗಿ ಇಡೀ ಪೆಟ್ಟಿಗೆಗೆ ಬೀಗ ಬೇಕಿಲ್ಲ. ರೇಡಿಯೋ ಭಾಗವನ್ನು ಮಾತ್ರ ಕಾಪಾಡಿದರೆ ಸಾಕು. 2016ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಇಂತಹ ಒಂದು ಪ್ರಸಂಗದಲ್ಲಿ ಟಿಪಿ-ಲಿಂಕ್ ಸಂಸ್ಥೆಗೆ ಎರಡು ಲಕ್ಷ ಡಾಲರು ದಂಡ ವಿಧಿಸಿತು. ಸಂಸ್ಥೆಯು ಮಾರಿದ ಕೆಲವು ರೂಟರುಗಳು ತಯಾರಕರ ತಂತ್ರಾಂಶದೊಡನೆಯೇ ಮಿತಿಯನ್ನು ಮೀರಲು ಅವಕಾಶ ಕೊಡುತ್ತಿದ್ದವು. ಇದೇ ಒಪ್ಪಂದದಲ್ಲಿ, ಹೊರಗಿನವರ ತಂತ್ರಾಂಶವನ್ನೂ ಸುರಕ್ಷಿತವಾಗಿ ಹಾಕಿಕೊಳ್ಳುವ ದಾರಿಯನ್ನು ಹುಡುಕುವೆನೆಂದು ಸಂಸ್ಥೆಯು ಮಾತು ಕೊಟ್ಟಿತು. ಶಿಸ್ತೂ ಸ್ವಾತಂತ್ರ್ಯವೂ ಒಂದೇ ಕಾಗದದಲ್ಲಿ ಕೂಡಿ ಬಂದುದಕ್ಕೆ ಇದು ನಿದರ್ಶನ.

ಎರಡನೆಯದು ಭದ್ರತೆ. ಬೀಗವಿಲ್ಲದಿದ್ದರೆ ದುಷ್ಟರು ಒಳಗೆ ನುಗ್ಗುವರೆಂದು ಹೇಳುತ್ತಾರೆ. ಸೇವೆ ನಡೆಯುತ್ತಿರುವವರೆಗೆ ಈ ವಾದಕ್ಕೆ ಬೆಲೆಯುಂಟು. ಆದರೆ ತಯಾರಕನು ತಿದ್ದುಪಡಿಗಳನ್ನು ಕೊಡುವುದನ್ನು ನಿಲ್ಲಿಸಿದ ದಿನದಿಂದ ಹಳೆಯ ದೋಷಗಳು ಹಾಗೆಯೇ ಉಳಿದುಬಿಡುತ್ತವೆ. ದೋಷವನ್ನು ಬಲ್ಲ ಕಳ್ಳನಿಗೆ ಕಿಟಕಿ ತೆರೆದಿರುತ್ತದೆ; ಮನೆಯ ಯಜಮಾನನಿಗೆ ಮಾತ್ರ ಬಾಗಿಲು ಮುಚ್ಚಿರುತ್ತದೆ. ಇದನ್ನು ಭದ್ರತೆಯೆಂದು ಹೇಗೆ ಹೇಳುವುದು? ಹಾಗೆಂದು ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬಹುದೆಂಬುದು ನಮ್ಮ ಮತವಲ್ಲ. 4 ಮೆಗಾಬೈಟ್ ಫ್ಲಾಶುಳ್ಳ ಆ ನೀಲಿ ಪೆಟ್ಟಿಗೆಗೆ ಓಪನ್‌ಡಬ್ಲ್ಯೂಆರ್‌ಟಿಯ ಇಂದಿನ ಆವೃತ್ತಿಗಳು ಹಿಡಿಸಲಾರವು. ಮುಪ್ಪಿನಿಂದ ಸಾಯುವುದು ಪ್ರಕೃತಿ. ಬೀಗದಿಂದ ಸಾಯುವುದು ಪ್ರಕೃತಿಯಲ್ಲ.

ಆಗಬೇಕಾದುದೇನು?

ಲೋಕದಲ್ಲಿ 2022ನೆಯ ಒಂದೇ ವರ್ಷದಲ್ಲಿ ಸುಮಾರು 6 ಕೋಟಿ 20 ಲಕ್ಷ ಟನ್ನು ವಿದ್ಯುನ್ಮಾನ ಕಸ ಹುಟ್ಟಿತೆಂದು ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದು ಅದರ ಕಾಲುಭಾಗಕ್ಕಿಂತಲೂ ಕಡಿಮೆ. ನಮ್ಮ ದೇಶದಲ್ಲಿ 2022ರ ವಿದ್ಯುನ್ಮಾನ ಕಸದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರಿಗೂ ಅವುಗಳಲ್ಲಿ ಸ್ಥಾನವಿದೆ. ದುರಸ್ತಿಯ ಹಕ್ಕನ್ನು ಕುರಿತು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ಸಮಿತಿಯೊಂದನ್ನೂ ನೇಮಿಸಿತು. ಇವೆಲ್ಲ ಸ್ವಾಗತಾರ್ಹವಾದ ಹೆಜ್ಜೆಗಳು. ಆದರೆ ತಂತ್ರಾಂಶದ ಬೀಗ ಹಾಗೆಯೇ ಇದ್ದರೆ ಸ್ಕ್ರೂಡ್ರೈವರು ಹಿಡಿದವನಿಗೆ ಮಾಡಲು ಏನು ಉಳಿಯುತ್ತದೆ? ಕವಚವನ್ನು ಬದಲಾಯಿಸಬಹುದು, ವಿದ್ಯುತ್ತಿನ ಸಂಯೋಜಕವನ್ನು ಬದಲಾಯಿಸಬಹುದು. ಪೆಟ್ಟಿಗೆ ಮಾತ್ರ ತೀರಿಹೋದ ಒಡೆಯನನ್ನೇ ಹುಡುಕುತ್ತಿರುತ್ತದೆ.

ಆದುದರಿಂದ ನಮ್ಮ ಬೇಡಿಕೆ ಮೂರು ಅಂಶಗಳದು. ಮೊದಲನೆಯದಾಗಿ, ಯಾವುದೇ ಉಪಕರಣದ ಸೇವೆಯನ್ನೋ ತಿದ್ದುಪಡಿಗಳನ್ನೋ ನಿಲ್ಲಿಸುವ ಸಂಸ್ಥೆಯು ಅದೇ ದಿನ ಆ ಉಪಕರಣದ ಬೀಗವನ್ನು ತೆರೆಯುವ ವಿಧಾನವನ್ನು ಕೊಂಡವರಿಗೆ ಕೊಡಬೇಕೆಂದು ಕಾನೂನಾಗಬೇಕು. ನಷ್ಟದ ಭಯವನ್ನು ಮುಂದಿಡುವ ಸಂಸ್ಥೆಗೂ ಇದರಿಂದ ತೊಂದರೆಯಿಲ್ಲ. ವ್ಯಾಪಾರವೇ ಮುಗಿದ ಮೇಲೆ ನಷ್ಟದ ಮಾತೆಲ್ಲಿ? ಎರಡನೆಯದಾಗಿ, ಬರವಣಿಗೆ ಕೆಟ್ಟಾಗ ಯಂತ್ರವನ್ನು ಮತ್ತೆ ಎಬ್ಬಿಸುವ ದಾರಿ ಪ್ರತಿಯೊಂದರಲ್ಲಿಯೂ ಇರಬೇಕು. ಇದು ಕನಸಿನ ಮಾತಲ್ಲ. 2024ರ ಕೊನೆಯಲ್ಲಿ ಹೊರಬಂದ ಓಪನ್‌ಡಬ್ಲ್ಯೂಆರ್‌ಟಿ ವನ್ ಎಂಬ ರೂಟರಿನಲ್ಲಿ ಎರಡು ಬೇರೆ ಬೇರೆ ಫ್ಲಾಶ್ ಚಿಪ್ಪುಗಳಿವೆ. ಒಂದರ ಬರಹ ಕೆಟ್ಟರೆ ಒಂದು ಸ್ವಿಚ್ಚನ್ನು ಸರಿಸಿ ಇನ್ನೊಂದರಿಂದ ಎಬ್ಬಿಸಬಹುದು. ಮೂರನೆಯದಾಗಿ, ಕಾಲೇಜುಗಳು ಇಂತಹ ಪೆಟ್ಟಿಗೆಗಳನ್ನು ತೂಕಕ್ಕೆ ಮಾರುವ ಮೊದಲು ಒಮ್ಮೆ ವಿದ್ಯಾರ್ಥಿಗಳ ಕೈಗೆ ಕೊಡಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮದಲ್ಲದ ಯಂತ್ರವನ್ನು, ಬಾಡಿಗೆಗೆ ಬಂದ ಯಂತ್ರವನ್ನು, ಒಡೆಯರ ಅಪ್ಪಣೆಯಿಲ್ಲದೆ ತೆರೆಯಬೇಡಿರಿ. ಗೋಡೆಯ 230 ವೋಲ್ಟು ನೇರವಾಗಿ ಒಳಗೆ ಬರುವ ಉಪಕರಣಕ್ಕೆ ಗುರುಗಳ ಸಹಾಯವಿಲ್ಲದೆ ಕೈ ಹಾಕಬೇಡಿರಿ. ಬರೆಯುವ ಮುನ್ನ ಹಳೆಯದರ ಪ್ರತಿಯನ್ನು ತೆಗೆದಿಡಿರಿ. ನಾವು ತೆಗೆದಿಡದೆ ಹದಿನೈದು ದಿನ ನಿದ್ದೆಗೆಟ್ಟೆವು. ಇಷ್ಟು ಎಚ್ಚರವಿದ್ದರೆ, ನಿಮ್ಮ ಮನೆಯ ಅಟ್ಟದ ಮೇಲೆ ಬಿದ್ದಿರುವ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರ ಬೆನ್ನಿನ ಮೇಲಿರುವ ಮಾದರಿಯ ಹೆಸರನ್ನು ಓದಿ, ಒಳಗೆ ಎಷ್ಟು ಸ್ಮೃತಿ ಇದೆಯೆಂದು ಹುಡುಕಿರಿ. ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಆ ಬಿಳಿಯ ಪೆಟ್ಟಿಗೆಯ ಜಾಗ ಈಗ ಖಾಲಿಯಾಗಿದೆ. ಅಲ್ಲಿ ಇಡಲು ನಿಜವಾಗಿ ಕೆಟ್ಟ ವಸ್ತುಗಳು ನಮ್ಮಲ್ಲಿ ಸಾಕಷ್ಟಿವೆ.